ಬಿಟ್ಟೆ ಅಂದ ಕಳ್ಳನ ಮನೆಯಲ್ಲಿ ಸಿಕ್ಕಿದ್ದು

ಪ್ರಶ್ನೆ: ಸಿನಿಮಾಗಳಲ್ಲಿ ಕಲಾಕೃತಿ ಕದಿಯುವವನು ಜೈಲಿನಿಂದ ಬಂದು ನೆಟ್ಟಗೆ ಬದುಕುತ್ತಿರುತ್ತಾನೆ. ಆಗ ಹಳೇ ಗ್ಯಾಂಗಿನವರು ಬಂದು 'ಇದೊಂದೇ ಸಲ' ಅಂತ ಮತ್ತೆ ಎಳೆದುಕೊಂಡು ಹೋಗುತ್ತಾರೆ. ನಿಜವಾಗಿಯೂ ಹೀಗೆ ಆಗಿದೆಯಾ ಸಾರ್?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮತ್ತೆ ಕದ್ದದ್ದು ನಿಜ, ಗ್ಯಾಂಗ್ ಮಾತ್ರ ಸುಳ್ಳು. ಫ್ರಾನ್ಸಿನ ಸ್ಟೀಫನ್ ಬ್ರೈಟ್‌ವೀಸರ್ ಕಥೆ ಕೇಳಿ. 1995ರಿಂದ 2001ರ ತನಕ ಯೂರೋಪಿನ 172 ಮ್ಯೂಸಿಯಂಗಳಿಂದ 239 ವಸ್ತು ಎತ್ತಿದ ಭೂಪ ಇವನು. ರಾತ್ರಿ ಕನ್ನ ಹಾಕಿದ್ದಲ್ಲ. ಹಾಡಹಗಲೇ, ಟಿಕೆಟ್ ತೆಗೆದುಕೊಂಡು, ಗೆಳತಿಯ ಜೊತೆ ಒಳಗೆ ಹೋಗುತ್ತಿದ್ದ. ಅವಳು ಕಾವಲಿನವರ ಮೇಲೆ ಕಣ್ಣಿಟ್ಟಿರಬೇಕು, ಇವನು ಜೇಬಿನಿಂದ ಸ್ವಿಸ್ ಚಾಕು ತೆಗೆಯಬೇಕು. ಅಷ್ಟೇ ಉಪಕರಣ!

ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ಚಿತ್ರಕಾರ ರೂಬೆನ್ಸ್ ಬಾಳಿದ ಮನೆ ಈಗ ಮ್ಯೂಸಿಯಂ. ಅಲ್ಲಿ ಆನೆದಂತದಲ್ಲಿ ಕೆತ್ತಿದ ಆಡಂ ಮತ್ತು ಈವ್ ಇತ್ತು. ಗೇಣುದ್ದ ಬೊಂಬೆ, 1627ರದ್ದು. ಮೇಲಿನ ಪಾರದರ್ಶಕ ಮುಚ್ಚಳಕ್ಕೆ ಇದ್ದದ್ದು ಎರಡೇ ಸ್ಕ್ರೂ. ಯಾರಾದರೂ ಒಳಗೆ ಬಂದರೆ ಸುಮ್ನೆ ಗೋಡೆಯ ಚಿತ್ರ ನೋಡುತ್ತಾ ನಿಲ್ಲುವುದು, ಅವರು ಹೋದ ಮೇಲೆ ಇನ್ನೊಂದು ಸುತ್ತು ತಿರುಗಿಸುವುದು. ಕೊನೆಗೆ ಬೊಂಬೆಯನ್ನು ಬೆನ್ನ ಹಿಂದೆ ಪ್ಯಾಂಟಿಗೆ ಸಿಕ್ಕಿಸಿ, ಮೇಲೆ ಕೋಟು ಇಳಿಬಿಟ್ಟು ನಡೆದೇಬಿಟ್ಟ.

2001ರಲ್ಲಿ ಸ್ವಿಟ್ಜರ್ಲೆಂಡಿನ ಲೂಸರ್ನ್‌ನಲ್ಲಿ ಒಂದು ಹಳೇ ಕಹಳೆ ಕದ್ದ. ಅಷ್ಟಕ್ಕೇ ಬಿಡಬೇಕಿತ್ತು ಅಲ್ವಾ? ಅದೇ ಮ್ಯೂಸಿಯಂ ಹತ್ತಿರ ಮತ್ತೆ ಸುಳಿದ, ಸಿಕ್ಕಿಬಿದ್ದ. ಇತ್ತ ಊರಲ್ಲಿ ಅವನ ತಾಯಿ ಮನೆಯಲ್ಲಿದ್ದ ಮಾಲನ್ನೆಲ್ಲ ಹೊರಗೆ ಸಾಗಿಸಿದಳು. ಎಷ್ಟೋ ವಸ್ತು ಕಾಲುವೆಗೆ ಬಿದ್ದವು. ಆ ಆಡಂ ಈವ್ ನೀರಿನಿಂದ ಮೇಲೆ ಬಂತು, ಆದರೆ ಹಲವು ಪೇಂಟಿಂಗುಗಳು ಶಾಶ್ವತವಾಗಿ ಹೋದವು. ನನಗೆ ಕಳ್ಳತನಕ್ಕಿಂತ ಇದೇ ಜಾಸ್ತಿ ಸಂಕಟ.

ಜೈಲಾಯಿತು. ಹೊರಗೆ ಬಂದ. 2006ರಲ್ಲಿ ತನ್ನ ಕಳ್ಳತನಗಳನ್ನೆಲ್ಲ ಒಪ್ಪಿಕೊಂಡು ಆತ್ಮಕಥೆಯನ್ನೂ ಬರೆದ. ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. 2011ರಲ್ಲಿ ಪೊಲೀಸರು ಮನೆ ಶೋಧಿಸಿದರೆ ಮತ್ತೆ 30 ಕಲಾಕೃತಿ! 2013ರಲ್ಲಿ ಮೂರು ವರ್ಷ ಶಿಕ್ಷೆ. ಯಾರೂ ಬಂದು ಕರೆದಿರಲಿಲ್ಲ, ಯಾರೂ ಹೆದರಿಸಿರಲಿಲ್ಲ. ಚೆಂದದ ವಸ್ತು ಕಂಡರೆ ಅದು ತನ್ನ ಮನೆಯಲ್ಲೇ ಇರಬೇಕು ಅನ್ನುವ ಆಸೆಯನ್ನು ಜೈಲಿಗೂ ಜೊತೆಗೇ ಕರೆದುಕೊಂಡು ಹೋಗಿದ್ದ, ವಾಪಸ್ಸೂ ಕರೆತಂದ.

ಪ್ರಶ್ನೆ: ಇಂಥವರು ಕದ್ದದ್ದನ್ನು ಮಾರಿ ಕೋಟಿಗಟ್ಟಲೆ ಮಾಡಿಕೊಳ್ಳುತ್ತಾರಾ?
– ಅದೇ ಓದುಗರು

ಉತ್ತರ: ಹೆಸರಾಂತ ಚಿತ್ರ ಕದ್ದರೆ ಕೊಳ್ಳುವವರು ಸಿಗುವುದೇ ಕಷ್ಟ, ಎಲ್ಲರಿಗೂ ಗುರುತು ಇರುತ್ತದೆ. ನಮ್ಮ ಬ್ರೈಟ್‌ವೀಸರ್ ಅಂತೂ ಆ ಮೊದಲ ವರ್ಷಗಳಲ್ಲಿ ಮಾರುವ ತಂಟೆಗೇ ಹೋಗಲಿಲ್ಲ. ಹೋಟೆಲಿನಲ್ಲಿ ಸಪ್ಲೈಯರ್ ಕೆಲಸ ಮಾಡಿಕೊಂಡು, ತಾಯಿಯ ಮನೆಯ ಅಟ್ಟದ ಕೋಣೆಯಲ್ಲಿ ಎಲ್ಲವನ್ನೂ ಜೋಡಿಸಿಟ್ಟು ನೋಡುತ್ತಾ ಮಲಗುತ್ತಿದ್ದ. 'ನಾನು ದುಡ್ಡಿಗೆ ಕದಿಯಲಿಲ್ಲ' ಅನ್ನುವುದೇ ಅವನ ದೊಡ್ಡಸ್ತಿಕೆ. ಕೋರ್ಟಿಗೆ ಅದು ನಾಟಲಿಲ್ಲ, ಆದರೆ ಓದಿದವರಲ್ಲಿ ಕೆಲವರು ಮರುಳಾದರು. ನಾನೂ ಸ್ವಲ್ಪ ಮೆತ್ತಗಾಗಿದ್ದೆ. 2019ರಲ್ಲಿ ಮತ್ತೆ ಸಿಕ್ಕಿಬಿದ್ದ ನೋಡಿ, ಆಗ ಆ ಮೆತ್ತಗಿನದೂ ಹೋಯಿತು. ಈ ಸಲ ಕದ್ದ ಗಾಜಿನ ಪೇಪರ್‌ವೇಟುಗಳನ್ನು ಇಬೇ ಅನ್ನುವ ಆನ್‌ಲೈನ್ ಮಾರುಕಟ್ಟೆಯಲ್ಲಿ ಮಾರಾಟಕ್ಕೆ ಇಟ್ಟಿದ್ದ.