ಜೀನು ಹಾಕಿದಾಗ ಮಾತ್ರ ಬಾಲ ಬೀಸಿದರೆ

ನಿಮ್ಮ ಹೆಣ್ಣು ಕುದುರೆ ಲಾಯದಲ್ಲಿ ಶಾಂತವಾಗಿರುತ್ತೆ, ಕ್ಯಾಂಟರ್‌ಗೆ, ಅಂದರೆ ಹದವಾದ ನಾಗಾಲೋಟಕ್ಕೆ, ಕಾಲು ಒತ್ತಿದ ಕೂಡಲೇ ಬಾಲ ಬೀಸುತ್ತೆ, ಅದು ಬರೀ ಹಟಾನಾ ಅಂತ ಕೇಳಿದ್ದೀರಿ. ದಯವಿಟ್ಟು ಅದನ್ನ ಹಟ ಅಂತ ತಿಳಿದು ಹೊಡೆಯಬೇಡಿ. ನೊಣಕ್ಕೆ ಬೀಸೋ ಬಾಲ ಸಡಿಲವಾಗಿ ಹೋಗಿ ಬರುತ್ತೆ. ನೀವು ಹೇಳ್ತಿರೋದು ಬುಡ ಬಿಗಿದುಕೊಂಡು ಚಾಟಿಯಂತೆ ಬಡಿಯೋ ಬಾಲ, ಅದೂ ಪ್ರತಿ ಸಲ ಅದೇ ಗಳಿಗೆಯಲ್ಲಿ. ಅದು ನೋವಿನಿಂದಲೂ ಇರಬಹುದು.

ಮೊದಲು ಜೀನು ನೋಡಿ. ಸವಾರಿ ಮುಗಿಸಿ ಇಳಿಸಿದಾಗ ಬೆನ್ನೆಲ್ಲ ಬೆವರಿ, ನಡುವೆ ಅಂಗೈಯಗಲ ಒಣಗಿದ್ದರೆ ಜೀನು ಸರಿಯಾಗಿ ಕೂತಿಲ್ಲ ಅಂತ ಅನುಮಾನಪಡಿ. ಅದರ ಭಾರ ಕೊನೆಯ, ಅಂದರೆ 18ನೇ ಪಕ್ಕೆಲುಬು ದಾಟಿ ಬೀಳಬಾರದು. ಆಮೇಲೆ ಬೆನ್ನೆಲುಬಿನ ಎರಡೂ ಬದಿ ಬೆರಳಲ್ಲಿ ನಿಧಾನಕ್ಕೆ ಒತ್ತುತ್ತಾ ಬನ್ನಿ. ನಾನು ಸವಾರಿ ಕಲಿತ ಕುದುರೆ ಹೀಗೆ ಒತ್ತಿದಾಗ ಬೆನ್ನು ಕೆಳಕ್ಕೆ ಕುಸಿಸಿ, ಕಿವಿ ಹಿಂದಕ್ಕೆ ಮಲಗಿಸಿತ್ತು. ಅದರ ಮೇಲೆ ಅಷ್ಟು ದಿನ ಕೂತಿದ್ದೆನಲ್ಲ ಅಂತ ಇವತ್ತಿಗೂ ಸಂಕಟವಾಗುತ್ತೆ.

ಬ್ರಿಟನ್ನಿನ ಪಶುವೈದ್ಯೆ ಸೂ ಡೈಸನ್ ಅವರ ತಂಡ ಸವಾರಿಯಲ್ಲಿ ನೋವು ಗುರುತಿಸೋಕೆ 24 ನಡವಳಿಕೆಗಳ ಪಟ್ಟಿ ಮಾಡಿದೆ. ಪದೇ ಪದೇ ಬಾಲ ಬೀಸೋದು ಅದರಲ್ಲೊಂದು. 8 ಅಥವಾ ಹೆಚ್ಚು ಕಂಡರೆ ಮೂಳೆ, ಸ್ನಾಯುಗಳ ನೋವಿನ ಸಾಧ್ಯತೆ ಜಾಸ್ತಿ. ಬಾಲ ಒಂದರಿಂದಲೇ ತೀರ್ಮಾನಕ್ಕೆ ಬರಬೇಡಿ, ಬಾಯಿ ತೆರೆಯುತ್ತಾ, ತಲೆ ಎಸೆಯುತ್ತಾ ಅಂತಲೂ ಗಮನಿಸಿ.

ಬಾಲ ಬೀಸೋದು ಸುಮಾರು 21 ದಿನಕ್ಕೊಮ್ಮೆ ಹೆಚ್ಚಾದರೆ ಬೆದೆ ಕಾರಣವಿರಬಹುದು, ತಾರೀಕು ಬರೆದಿಡಿ. ನಿಮ್ಮ ಹಿಮ್ಮಡಿ ಸುಮ್ಮನೆ ಕುಟ್ಟುತ್ತಾ ಇರುತ್ತಾ ಅಂತ ಯಾರಿಂದಾದರೂ ವಿಡಿಯೊ ತೆಗೆಸಿ ನೋಡಿ. ಸವಾರರಿಲ್ಲದೆ ಉದ್ದ ಹಗ್ಗದಲ್ಲಿ ಸುತ್ತಿಸಿದಾಗಲೂ ಬಾಲ ಬಡಿದರೆ ಸವಾರಿ ನಿಲ್ಲಿಸಿ, ಕುದುರೆಗಳನ್ನು ನೋಡೋ ವೈದ್ಯರಿಗೆ ಅದೇ ವಿಡಿಯೊ ತೋರಿಸಿ.