ಬರ್ಮಾ–ಭಾರತ ಮರದ ವ್ಯಾಪಾರ: 2014ರ ಕುಸಿತದ ಬಗ್ಗೆ

ಮ್ಯಾನ್ಮಾರ್‌ನಿಂದ ಭಾರತಕ್ಕೆ ಬರುವ ಗಟ್ಟಿಮರದ ಗ್ರಾಫ್ 2014ರಲ್ಲಿ ದಿಢೀರನೆ ಬಿದ್ದಿದೆ, ವ್ಯಾಪಾರವೇ ನಿಂತುಹೋಯಿತಾ ಅಂತ ಕೇಳಿದ್ದೀರಿ. ನಿಲ್ಲಲಿಲ್ಲ. ನೀವು 4403 ಕೋಡ್ (ಕಸ್ಟಮ್ಸ್‌ನಲ್ಲಿ ಸರಕು ಗುರುತಿಸುವ ಎಚ್‌ಎಸ್ ಸಂಖ್ಯೆ) ಒಂದನ್ನೇ ತೆಗೆದುಕೊಂಡಿದ್ದೀರಿ, ಅಲ್ವಾ? ಅದು ದಿಮ್ಮಿಗಳ ಲೆಕ್ಕ ಮಾತ್ರ. 2014ರ ಏಪ್ರಿಲ್ 1ರಿಂದ ಮ್ಯಾನ್ಮಾರ್ ದಿಮ್ಮಿಗಳ ರಫ್ತನ್ನು ನಿಷೇಧಿಸಿತು. ಆಮೇಲೆ ಮರ ಬಂದದ್ದು ಕೊಯ್ದ ಹಲಗೆಯಾಗಿ (4407), ವೆನೀರ್ ಅಂದರೆ ಮರದ ತೆಳು ಹಾಳೆಯಾಗಿ (4408). ನಮ್ಮ ಕೆಲವು ಪ್ಲೈವುಡ್ ಕಂಪನಿಗಳು ಗರ್ಜನ್ ಎಂಬ ಗಟ್ಟಿಮರದ ವೆನೀರ್‌ಗಾಗಿ ಅಲ್ಲೇ ಕಾರ್ಖಾನೆ ತೆರೆದವು.

ಹಾಗಂತ ಮೂರನ್ನೂ ಸುಮ್ನೆ ಕೂಡಿಸಬೇಡಿ. ದಿಮ್ಮಿ ಕೊಯ್ದರೆ ಸುಮಾರು ಅರ್ಧ ಭಾಗ ಹೊಟ್ಟು, ತುಂಡುಗಳಾಗಿ ಹೋಗುತ್ತದೆ. ಹಲಗೆಯ 1 ಘನ ಮೀಟರನ್ನು ಹೆಚ್ಚೂಕಮ್ಮಿ 2 ಘನ ಮೀಟರ್ ದಿಮ್ಮಿ ಅಂತ ಹಿಡಿಯಿರಿ. ಇಲ್ಲದಿದ್ದರೆ ಕಾಡಿನಿಂದ ಹೋದ ಮರ ನಿಜಕ್ಕಿಂತ ತೀರಾ ಕಮ್ಮಿ ಕಾಣುತ್ತದೆ, ನನಗೆ ಅದೇ ದೊಡ್ಡ ತಪ್ಪು ಅನಿಸುತ್ತದೆ.

ಅಳತೆಯನ್ನೂ ನೋಡಿಕೊಳ್ಳಿ. ಬರ್ಮಾ ತೇಗದ ಹಳೆಯ ಪಟ್ಟಿಗಳಲ್ಲಿ ಹಾಪಸ್ ಟನ್ ಇರುತ್ತದೆ. ಅದು ತೂಕವಲ್ಲ, ಸುಮಾರು 1.8 ಘನ ಮೀಟರ್. ಡಾಲರ್ ಮೌಲ್ಯವನ್ನಂತೂ ಗಾತ್ರದ ಬದಲು ಬಳಸಲೇಬೇಡಿ. ಹಲಗೆಯ ಬೆಲೆ ದಿಮ್ಮಿಗಿಂತ ಜಾಸ್ತಿ.

ಇನ್ನೊಂದು: 2022ರಿಂದ ತೇಗಕ್ಕೆ ಬೇರೆಯದೇ ಉಪಕೋಡ್ ಬಂದಿದೆ, ದಿಮ್ಮಿಗೆ 4403.42, ಹಲಗೆಗೆ 4407.23. ಅಲ್ಲೂ ಗ್ರಾಫ್ ಜಿಗಿಯಬಹುದು.