ತುಮಕೂರಿಂದ ಹುಬ್ಬಳ್ಳಿಗೆ ಬೈಕಲ್ಲಿ ಹೋದರೆ ಕೈ ಜೋಮು ಹಿಡಿಯುತ್ತೆ, ಕೂತಲ್ಲಿ ಉರಿಯುತ್ತೆ. ಏನು ಮಾಡಬೇಕು?

ಸುಮಾರು 340 ಕಿ.ಮೀ. ದಾರಿ, ನೋವು ಸಹಜ. ಆದರೆ ತುಂಬಾ ಕಡಿಮೆ ಮಾಡಿಕೊಳ್ಳಬಹುದು.

ಮೊದಲು ಕೈ. ಜೋಮು ಹಿಡಿಯೋದು ಕಿರುಬೆರಳು, ಉಂಗುರದ ಬೆರಳಿಗೇ ಅಲ್ವಾ? ಹಾಗಿದ್ದರೆ ಅಂಗೈ ಬುಡದಲ್ಲಿ ಹಾದುಹೋಗುವ ನರದ ಮೇಲೆ ಭಾರ ಬೀಳುತ್ತಿರಬಹುದು. ಹ್ಯಾಂಡಲ್ ಮೇಲೆ ಒರಗಬೇಡಿ. ಮೊಣಕಾಲಿಂದ ಟ್ಯಾಂಕನ್ನು ಒತ್ತಿ ಹಿಡಿದರೆ ಮೈಭಾರ ಕೈಯಿಂದ ಕಾಲಿಗೆ ಇಳಿಯುತ್ತೆ. ಮೊಣಕೈ ಸ್ವಲ್ಪ ಬಾಗಿರಲಿ, ಹಿಡಿತ ಸಡಿಲವಾಗಿರಲಿ. ನನಗೆ ಇದೊಂದರಿಂದಲೇ ಅರ್ಧ ನೋವು ಹೋಯಿತು.

ಕೂತಲ್ಲಿ ಉರಿಯೋಕೆ ಜೀನ್ಸಿನ ದಪ್ಪ ಹೊಲಿಗೆಯೂ ಕಾರಣ. ಒಳಗೆ ಸೈಕ್ಲಿಂಗ್ ಶಾರ್ಟ್ಸ್ ಹಾಕಿ. ಮೆತ್ತನೆ ಸ್ಪಂಜಿನ ಸೀಟ್ ಕವರ್‌ಗೆ ಸುಮ್ನೆ ದುಡ್ಡು ಹಾಕಬೇಡಿ. ಅದು ಚಪ್ಪಟೆಯಾದ ಮೇಲೆ ಮೂಳೆ ಮತ್ತೆ ಸೀಟಿಗೇ ಒತ್ತುತ್ತೆ.

ನೋವು ಬರೋವರೆಗೆ ಕಾಯದೆ ಗಂಟೆಗೊಮ್ಮೆ ನಿಲ್ಲಿಸಿ. ನಾನು ಶಿರಾದಲ್ಲಿ ಒಮ್ಮೆ, ಹಿರಿಯೂರಿನಲ್ಲಿ ಒಮ್ಮೆ ಇಳಿದು ಐದು ನಿಮಿಷ ಓಡಾಡುತ್ತೇನೆ. ಬೇಸಿಗೆಯಲ್ಲಿ ಕರ್ಚೀಫ್ ನೆನೆಸಿ ಕತ್ತಿಗೆ ಸುತ್ತಿಕೊಂಡು, ಒಂದು ಎಳನೀರು ಕುಡಿದೇ ಹೊರಡೋದು.

ಮಾರನೇ ದಿನವೂ ಜೋಮು ಬಿಡದಿದ್ದರೆ ದಯವಿಟ್ಟು ಡಾಕ್ಟರಿಗೆ ತೋರಿಸಿ.